ಬಾಡಿಗೆಗಲ್ಲದ ಲಾರಿ

ಮಿಲ್ಫರ್ಡ್ ಸೋರಮ್ ತನ್ನನ್ನು ಕೆಲಸದಿಂದ ತೆಗೆದದ್ದನ್ನು ಗೇಲನ್ ಟ್ವೈಟ್ ಹೇಗೋ ಕ್ಷಮಿಸಿಬಿಡುತ್ತಿದ್ದನೇನೋ. ತೆಗೆದ ದಿನ ಕೇಕು ಕತ್ತರಿಸಿದ್ದನ್ನು ಮಾತ್ರ ಅವನಿಂದ ಕ್ಷಮಿಸಲಾಗಲಿಲ್ಲ.

ಅರ್ಧ ಆಯುಷ್ಯ ಅವನು ಮಿಲ್ಫರ್ಡನ ಲಾರಿಗಳನ್ನು ಓಡಿಸಿದ್ದ. ಮಿನ್ನೆಸೋಟದ ಹಾಲ್ವಿಕ್ ಎಂಬ ಅಂಗೈಯಗಲದ ಊರಿನಿಂದ ಜೋಳ, ಸೋಯಾ, ಹಂದಿಮಾಂಸ ಹೊತ್ತು ದೇಶದ ಎರಡೂ ಸಮುದ್ರ ನೋಡಿಬಂದಿದ್ದ. ಕಂಪನಿಯ ಟ್ಯಾಂಕಿನಿಂದ ಆಗಾಗ ಒಂದಿಷ್ಟು ಡೀಸೆಲ್ ಅವನ ಸ್ವಂತ ಗಾಡಿಗೆ ಇಳಿಯುತ್ತಿದ್ದುದು ನಿಜ. ಅದನ್ನು ಕಳವು ಎನ್ನುವುದು ಗೇಲನ್‌ನ ಪ್ರಕಾರ ತೀರಾ ಒರಟು ಮಾತು. ನಿಷ್ಠಾವಂತ ನೌಕರನಿಗೆ ಕಂಪನಿ ತಾನಾಗಿ ಕೊಡಬೇಕಾದದ್ದನ್ನು ಕೇಳಿ ಮುಜುಗರ ಪಡಿಸದೆ ಅವನೇ ತೆಗೆದುಕೊಳ್ಳುತ್ತಿದ್ದ, ಅಷ್ಟೆ.

ವಿಷಯ ತಿಳಿದಾಗ ಮಿಲ್ಫರ್ಡ್ ಕೂಗಾಡಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. "ಬೆನ್ನುನೋವು ಅಂತಿದ್ಯಲ್ಲ ಗೇಲನ್, ಇನ್ಮೇಲೆ ಆರಾಮಾಗಿರು" ಎಂದು ಎಲ್ಲರೆದುರು ಹೆಗಲು ತಟ್ಟಿ ಕೇಕು ತರಿಸಿದ. ಗೇಲನ್ ಬೇಡ ಎಂದ. ಮತ್ತೊಮ್ಮೆ ಬೇಡ ಎಂದ. ಮೂರನೇ ಸಲ ತಟ್ಟೆ ಮುಂದೆ ಬಂದಾಗ ತಿಂದ. ಆ ಸೀಮೆಯ ನಾರ್ವೆ ಮೂಲದವರಲ್ಲಿ ಅದೇ ಕ್ರಮ: ಏನು ಕೊಟ್ಟರೂ ಎರಡು ಸಲ ಬೇಡವೆನ್ನಬೇಕು, ಮೂರನೆಯದಕ್ಕೂ ಬೇಡವೆಂದವನು ಸೊಕ್ಕಿನವನು. ಕೆಲಸ ಕಿತ್ತುಕೊಂಡವನ ಕೇಕನ್ನು ಎರಡು ತುಂಡು ತಿಂದು, ಚೆನ್ನಾಗಿದೆ ಎಂದೂ ಹೇಳಿ ಮನೆಗೆ ಬಂದ. ಹೊಟ್ಟೆಯಲ್ಲಿ ಆ ಕೇಕು ಇನ್ನೂ ಕರಗಿರಲಿಲ್ಲ.

ಮಿಲ್ಫರ್ಡನಿಗೆ ಜಗತ್ತಿನಲ್ಲಿ ಪ್ರಾಣದಂಥದ್ದು ಒಂದಿತ್ತು. ಅವನಪ್ಪ ಉಳುತ್ತಿದ್ದ ಹಳೇ ಟ್ರ್ಯಾಕ್ಟರು. ಅದರ ಒಂದೊಂದು ನಟ್ಟನ್ನೂ ಕಳಚಿ, ತೊಳೆದು, ಕೆಂಪು ಬಣ್ಣ ಬಳಿದು, ಪ್ರತಿವರ್ಷ ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಓಡಿಸುತ್ತಿದ್ದ. ಹಾಗೆ ಓಡಿಸುವಾಗ ಅವನ ಮುಖದ ಮೇಲಿರುತ್ತಿದ್ದ ಕಳೆಯನ್ನು ಅಳಿಸಿಹಾಕಬೇಕು. ಗೇಲನ್‌ಗೆ ಬೇಕಿದ್ದದ್ದು ಅದು. ಐಡಹೋದಲ್ಲಿ ಹಳೇ ಟ್ರ್ಯಾಕ್ಟರುಗಳ ಹುಚ್ಚಿನವನೊಬ್ಬ ಪ್ರಶ್ನೆ ಕೇಳದೆ ಕೊಳ್ಳಲು ಕಾದಿದ್ದ. ದುಡ್ಡು ಗೌಣ. ಮುಂದಿನ ಜುಲೈನಲ್ಲಿ ಮಿಲ್ಫರ್ಡ್ ಟ್ರ್ಯಾಕ್ಟರಿಲ್ಲದೆ ಕಾಲ್ನಡಿಗೆಯಲ್ಲಿ ಬರುವಾಗ ಪಕ್ಕದಲ್ಲಿ ನಿಂತು "ಅಯ್ಯೋ ಪಾಪ" ಎನ್ನುವ ಸುಖವೇ ಮುಖ್ಯ.

ಕದಿಯುವುದು ಕಷ್ಟವಿರಲಿಲ್ಲ. ಮಿಲ್ಫರ್ಡ್ ಈಗ ಕಂಪನಿ ಮಾರಿದ್ದ, ಪ್ರತಿವರ್ಷ ಚಳಿ ಶುರುವಾಗುವ ಮೊದಲೇ ಅರಿಜೋನದ ಬಿಸಿಲಿಗೆ ಹೊರಟುಬಿಡುತ್ತಿದ್ದ. ಷೆಡ್ಡಿನ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಹಾಲ್ವಿಕ್‌ನಲ್ಲಿ ಎಲ್ಲರ ಬೀಗದ ಕೈಗಳೂ ಮೊಳೆಯಲ್ಲೇ ಇರುತ್ತವೆ. ಕಷ್ಟವಿದ್ದದ್ದು ಅಷ್ಟು ದೊಡ್ಡ ವಸ್ತುವನ್ನು ಯಾರ ಕಣ್ಣಿಗೂ ಬೀಳದೆ ಮೂರು ರಾಜ್ಯ ದಾಟಿಸುವುದರಲ್ಲಿ. ಬಾಡಿಗೆ ಲಾರಿಯಾದರೆ ದಾರಿಯುದ್ದಕ್ಕೂ ಪ್ರತಿ ವೇಬ್ರಿಜ್‌ಗೂ ತಿರುಗಬೇಕು, ತೂಗಿಸಬೇಕು, ಕಾಗದ ತೋರಿಸಬೇಕು, ಕೇಳಿದರೆ ಬಾಗಿಲು ತೆರೆಯಬೇಕು.

ಇಲ್ಲಿಯೇ ಗೇಲನ್‌ನ ಬುದ್ಧಿ ಕೆಲಸ ಮಾಡಿದ್ದು. ಕೆಲಸ ಹೋದ ಮೇಲೆ ಅವನು ಹಳೆಯದೊಂದು ಹದಿನೆಂಟು ಗಾಲಿಯ ಟ್ರೇಲರ್ ಲಾರಿಯನ್ನು ಶೋಕಿಗೆಂದು ಕೊಂಡಿದ್ದ. ವಾಣಿಜ್ಯದ ದೊಡ್ಡ ಲೈಸೆನ್ಸು ಮುಗಿದುಹೋಗಿತ್ತು, ನವೀಕರಿಸುವ ಗೋಜಿಗೆ ಹೋಗಲಿಲ್ಲ. ಎರಡೂ ಬಾಗಿಲ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ 'ಬಾಡಿಗೆಗಲ್ಲ' ಎಂದು ಬರೆಸಿದ. ಆ ಗಾಡಿಯಲ್ಲಿ ಹಾಲು ತರಲು ಹೋದ, ಮೀನು ಹಿಡಿಯಲು ಹೋದ. ಸುಮ್ಮನೆ ಒಂದು ಸಲ ಪೆಸಿಫಿಕ್ ಸಮುದ್ರದವರೆಗೂ ಹೋಗಿ ಕಾಲು ನೆನೆಸಿಕೊಂಡು ಬಂದ. ಊರು ನಕ್ಕಿತು. ನಗಲಿ ಎಂದೇ ಅವನು ಬಿಟ್ಟಿದ್ದ. ಯಾಕೆಂದರೆ ಸಂಬಂಧಪಟ್ಟ ಕಾನೂನನ್ನು ಅವನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿದ್ದ: ಗಾಡಿ ಸ್ವಂತದ್ದು, ಪ್ರಯಾಣ ಸ್ವಂತದ್ದು ಅಥವಾ ನೆರೆಯವರ ಉಪಕಾರಕ್ಕೆ, ಕೈಗೆ ಬಿಡಿಗಾಸೂ ಬರುವುದಿಲ್ಲ ಎಂದಾದರೆ ವೇಬ್ರಿಜ್ ಇಲ್ಲ, ದೊಡ್ಡ ಲೈಸೆನ್ಸಿಲ್ಲ, ತಪಾಸಣೆಯಿಲ್ಲ. ಹದಿನೆಂಟು ಗಾಲಿಯ ಮೇಲೆ ಕೂತಿದ್ದರೂ ಅವನು ಕಾರಿನಲ್ಲಿ ಅಜ್ಜಿಮನೆಗೆ ಹೊರಟವನಿಗೆ ಸಮ.

ಅಜ್ಜಿಯೂ ಸಿಕ್ಕಳು. ಆರ್ಡಿಸ್ ಕ್ವಾಮೆ, ಎಂಬತ್ತರ ಹತ್ತಿರದ ವಿಧವೆ, ಗೇಲನ್‌ನಿಂದ ಹಿಡಿದು ಊರಿನ ಅರ್ಧ ಜನಕ್ಕೆ ಭಾನುವಾರದ ಬೈಬಲ್ ತರಗತಿಯಲ್ಲಿ ಪಾಠ ಹೇಳಿದವಳು, ಮನೆ ಮಾರಿ ಐಡಹೋದ ಆಚೆಗಿನ ಸ್ಪೋಕೇನ್‌ನಲ್ಲಿದ್ದ ತಂಗಿಯ ಹತ್ತಿರ ಹೋಗುವವಳಿದ್ದಳು. ಸಾಮಾನು ಸಾಗಿಸುವವರು ಹೇಳಿದ ದರ ಕೇಳಿ ಹೌಹಾರಿದ್ದಳು. ಗೇಲನ್ ಚರ್ಚಿನಲ್ಲಿ, ಕಾಫಿ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವಂತೆ "ನಾನ್ ಕರ್ಕೊಂಡು ಹೋಗ್ತೀನಿ ಟೀಚರ್, ಒಂದು ಪೈಸೆ ಬೇಡ" ಎಂದ. ಪಾದ್ರಿಗಳು ಮುಂದಿನ ವಾರದ ಪ್ರವಚನದಲ್ಲಿ ಅವನ ಹೆಸರು ಹೇಳಿದರು. ಗೇಲನ್ ತಲೆ ತಗ್ಗಿಸಿ ಕೂತು ಆ ಹೊಗಳಿಕೆಯನ್ನು ಬಿಸಿ ಸೂಪಿನಂತೆ ನಿಧಾನವಾಗಿ ಹೀರಿದ.

ಅಕ್ಟೋಬರಿನಲ್ಲಿ ಚರ್ಚಿನ ಲೂಟೆಫಿಸ್ಕ್ ಊಟ ಬಂತು. ಕ್ಷಾರದಲ್ಲಿ ನೆನೆಸಿದ ಒಣಮೀನನ್ನು ಲೋಳೆಯಾಗುವವರೆಗೆ ಬೇಯಿಸಿ, ಬೆಣ್ಣೆ ಸುರಿದು, ಯಾರಿಗೂ ನಿಜವಾಗಿ ಇಷ್ಟವಿಲ್ಲದಿದ್ದರೂ ಊರಿಗೂರೇ ನೆಲಮಾಳಿಗೆಯಲ್ಲಿ ಕೂತು ತಿನ್ನುವ ದಿನ. ಗೇಲನ್ ಮೊದಲ ಪಂಕ್ತಿಯಲ್ಲಿ ಉಂಡ, ನಾಲ್ಕು ಜನರನ್ನು ಜೋರಾಗಿ ಮಾತಾಡಿಸಿದ, ಎದ್ದುಹೋದ. ಮಿಲ್ಫರ್ಡನ ಷೆಡ್ಡಿನ ಮುಂದೆ ಲಾರಿ ತುಂಬಿಸುವ ಮಣ್ಣಿನ ದಿಬ್ಬವಿತ್ತು. ಟ್ರ್ಯಾಕ್ಟರು ಅದರ ಮೇಲೆ ಹತ್ತಿ, ಸಾಕಿದ ದನದ ಹಾಗೆ ಟ್ರೇಲರಿನೊಳಕ್ಕೆ ಹೋಯಿತು. ಮೊದಲೇ ಅಳತೆಗೆ ಕೊಯ್ದು ಬಿಳಿ ಬಳಿದಿಟ್ಟಿದ್ದ ಪ್ಲೈವುಡ್ ಹಲಗೆಗಳನ್ನು ಅದರ ಹಿಂದೆ ಗೋಡೆಯಂತೆ ನಿಲ್ಲಿಸಿ ಮೊಳೆ ಹೊಡೆದ. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ವಾಪಸು ಬಂದು, ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಿದ್ದ.

ಮರುದಿನ ಚರ್ಚಿನ ಗಂಡಸರೇ ಬಂದು ಆರ್ಡಿಸಳ ಪಿಯಾನೊ, ಬೀರು, ಸೋಫಾ, ಹಾಸಿಗೆಗಳನ್ನು ಹೊತ್ತು ಆ ಬಿಳಿ ಗೋಡೆಗೇ ಆನಿಸಿ ಜೋಡಿಸಿದರು. ಒಬ್ಬನಿಗೂ ಅನುಮಾನ ಬರಲಿಲ್ಲ. ಕದ್ದ ಮಾಲನ್ನು ಮುಚ್ಚಲು ಇಡೀ ಚರ್ಚೇ ಬೆವರು ಸುರಿಸಿದ್ದನ್ನು ನೋಡಿ ಗೇಲನ್‌ಗೆ ನಗು ತಡೆಯಲಾಗದೆ ಕೆಮ್ಮಬೇಕಾಯಿತು.

ಪ್ರಯಾಣ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ನಾರ್ತ್ ಡಕೋಟದ ವೇಬ್ರಿಜ್‌ನಲ್ಲಿ ದುಡಿಯುವ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಗೇಲನ್ ಅವುಗಳನ್ನು ದಾಟಿ, ಹಾರನ್ನನ್ನೂ ಒಮ್ಮೆ ಬಾರಿಸಿ ಮುಂದೆ ಹೋದ. ನಿರೀಕ್ಷಿಸಿದಂತೆಯೇ ಪೊಲೀಸ್ ಕಾರೊಂದು ಬೆನ್ನುಹತ್ತಿ ನಿಲ್ಲಿಸಿತು. ಗೇಲನ್ ಟೋಪಿ ತೆಗೆದ.

"ಬಾಡಿಗೆ ಗಾಡಿ ಅಲ್ಲ ಸರ್, ನನ್ನ ಸ್ವಂತದ್ದು. ಇವರು ನಮ್ ಟೀಚರ್ರು. ಪಾಪ, ಒಂಟಿ ಜೀವ, ಕೈಯಲ್ಲಿ ಏನೂ ಇಲ್ಲ. ಧರ್ಮಕ್ಕೆ ಸಾಮಾನು ಸಾಗಿಸ್ತಿದೀನಿ. ಒಂದ್ ಪೈಸೆ ಮುಟ್ಟಿಲ್ಲ."

ಪೊಲೀಸಿನವನು ಹಿಂಬಾಗಿಲು ಕೂಡ ನೋಡಲಿಲ್ಲ. "ದೇವರು ಒಳ್ಳೇದ್ ಮಾಡ್ಲಿ" ಎಂದು ಬಿಟ್ಟುಬಿಟ್ಟ.

ಆರ್ಡಿಸ್ ಮಾತ್ರ ಕೈಚೀಲವನ್ನು ಮಡಿಲಿಗೆಳೆದುಕೊಂಡು ಅವನತ್ತ ತಿರುಗಿದಳು.

"ನನ್ ಕೈಯಲ್ಲಿ ಏನೂ ಇಲ್ಲ ಅಂತ ನಿಂಗ್ಯಾರೋ ಹೇಳಿದ್ದು?"

"ಸುಮ್ನೆ ಮಾತಿಗಂದೆ ಟೀಚರ್. ಪೊಲೀಸ್ನೋರ ಮುಂದೆ ಹಾಗನ್ನಬೇಕು."

"ಪೊಲೀಸ್ನೋರ ಮುಂದೆ ಇದ್ದದ್ದನ್ನ ಇದ್ದಂಗೆ ಹೇಳ್ಬೇಕು. ನಿಂಗೆ ಅಷ್ಟೂ ಪಾಠ ಹೇಳಿದ್ದು ದಂಡ ಆಯ್ತು."

ಮುದುಕಿಯ ಮುನಿಸಿಗೆ ತಲೆಕೆಡಿಸಿಕೊಳ್ಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹೆದ್ದಾರಿಯುದ್ದಕ್ಕೂ ಅವನು ಬರುವ ಜುಲೈನ ಮೆರವಣಿಗೆಯನ್ನು ನೋಡುತ್ತಿದ್ದ. ಮಿಲ್ಫರ್ಡನಿಗೆ ಯಾವ ಮಾತಿನಲ್ಲಿ ಸಮಾಧಾನ ಹೇಳಬೇಕು, ಎಷ್ಟು ಮೆಲ್ಲಗೆ ಹೆಗಲು ತಟ್ಟಬೇಕು, ಕೇಕು ತರಿಸಬೇಕೋ ಬೇಡವೋ ಎಂದು ಲೆಕ್ಕಹಾಕುತ್ತಿದ್ದ.

ಮೊಂಟಾನದಲ್ಲಿ ಡೀಸೆಲ್ ಹಾಕಿಸುವಾಗ ಗೇಲನ್ ತಲೆಯೆತ್ತಿ ನೋಡಿದ. ಪಕ್ಕದ ಪಂಪಿಗೇ ಹೆದ್ದಾರಿ ಪೊಲೀಸರ ಕಾರು ಬಂದು ನಿಂತಿತ್ತು. ಒಳಗಿದ್ದವನು ಕಾಫಿ ಕುಡಿಯುತ್ತಾ ಇತ್ತಲೇ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ಕಳ್ಳನಾದವನು ಅವಸರ ಮಾಡುತ್ತಾನೆ, ಬುದ್ಧಿವಂತ ಸಹಜವಾಗಿರುತ್ತಾನೆ. ಗೇಲನ್‌ನ ಅದೃಷ್ಟಕ್ಕೆ ಆರ್ಡಿಸ್ ಅದೇ ಹೊತ್ತಿಗೆ ಕ್ಯಾಬಿನ್ನಿನಿಂದ ಮೆಲ್ಲಗೆ ಇಳಿದು, ಕೈಚೀಲ ಬಿಚ್ಚಿಕೊಂಡು ಉಪಚಾರಕ್ಕೆ ಶುರುವಿಟ್ಟಳು. ಮೊಟ್ಟೆಯ ಸ್ಯಾಂಡ್‌ವಿಚ್ ತಗೋ ಎಂದಳು. ಬೇಡ ಟೀಚರ್, ಬೇಡ ಟೀಚರ್, ಸರಿ ಬಿಡಿ. ಫ್ಲಾಸ್ಕಿನ ಕಾಫಿ ತಗೋ ಎಂದಳು. ಬೇಡ, ಬೇಡ, ಸರಿ ಅರ್ಧ ಕಪ್ಪು. ಇದನ್ನೂ ಇಟ್ಕೋ ಎಂದು ಮಡಿಸಿದ್ದೇನನ್ನೋ ಕೈಗೆ ತುರುಕಿದಳು. ಅಯ್ಯೋ ಬೇಡ, ಬೇಡಾರೀ ಟೀಚರ್, ಸರಿ ನಿಮ್ಮಿಷ್ಟ. ಅಂಗಿಯ ಜೇಬಿಗೆ ಸೇರಿಸಿ ನಕ್ಕ. ಕಣ್ಣೆಲ್ಲ ಪೊಲೀಸ್ ಕಾರಿನ ಮೇಲಿತ್ತು. ಪಂಪಿನ ಬದಿಯಲ್ಲಿ ಮೂರು ಮೂರು ಸಲ ಉಪಚಾರ ನಡೆಸುತ್ತಿರುವ ಇಬ್ಬರು ಮಿನ್ನೆಸೋಟದವರನ್ನು ಕಂಡು ಪೊಲೀಸಿನವನಿಗೂ ಬೇಸರ ಬಂದಿರಬೇಕು, ಕಾರು ಹೊರಟುಹೋಯಿತು. ತನ್ನ ನಟನೆಗೆ ತಾನೇ ಮೆಚ್ಚಿ ಗೇಲನ್ ಸ್ಯಾಂಡ್‌ವಿಚ್ ಕಚ್ಚಿದ.

ಮೊಂಟಾನದ ಪಡುವಣ ತುದಿಯಲ್ಲಿ, ಗುಡ್ಡಗಳು ಶುರುವಾಗುವ ಕಡೆ, ಕೊನೆಯ ವೇಬ್ರಿಜ್. ಅದು ದಾಟಿದರೆ ಐಡಹೋ, ಅಲ್ಲಿ ಟ್ರ್ಯಾಕ್ಟರಿಗೆ ಹೊಸ ಯಜಮಾನ. ಆರ್ಡಿಸಳನ್ನು ಕಾಫಿ ಅಂಗಡಿಯಲ್ಲಿ ಕೂರಿಸಿ, ಅವನ ಆಳುಗಳಿಂದ ಸಾಮಾನು ಸರಿಸಿ ಟ್ರ್ಯಾಕ್ಟರು ಇಳಿಸುವ ಕೆಲಸ ಮುಗಿಸಿಬಿಡುವುದೆಂದು ನಿಶ್ಚಯಿಸಿಯಾಗಿತ್ತು. ಗೇಲನ್ ನೇರ ಮುಂದೆ ಹೋದ. ಕೆಂಪು ನೀಲಿ ದೀಪ ಹಿಂದೆ ಬಂತು. ಅವನು ಆಕಳಿಸಿಕೊಂಡೇ ಗಾಡಿಯನ್ನು ಬದಿಗೆ ಹಾಕಿದ.

ಈ ಸಲ ಬಂದವಳು ಹೆಂಗಸು, ಬಿಸಿಲಿಗೆ ಬಾಡಿದ ಮುಖ, ಸಭ್ಯ ಮಾತು.

"ವೇಬ್ರಿಜ್‌ಗೆ ಯಾಕೆ ಬರ್ಲಿಲ್ಲ ಸರ್?"

ಗೇಲನ್ ಬಾಗಿಲ ಮೇಲಿನ ಅಕ್ಷರ ತೋರಿಸಿದ. ಕಾರಿನ ಲೈಸೆನ್ಸು ಕೊಟ್ಟ. ತನ್ನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ, ಪಾಪ, ಒಂಟಿ ಜೀವ, ಧರ್ಮಕ್ಕೆ, ಒಂದು ಪೈಸೆ ಮುಟ್ಟಿಲ್ಲ ಎಂಬಲ್ಲಿಯವರೆಗೆ ಒಪ್ಪಿಸಿದ. ಆಕೆ ತಲೆದೂಗಿದಳು. ಹಿಂಬಾಗಿಲು ತೆರೆಸಿ ಪಿಯಾನೊ, ಸೋಫಾಗಳ ಮೇಲೆ ಕಣ್ಣಾಡಿಸಿದಳು. ಹಿಂದಿರುಗಿ ಬಂದು, ಲೈಸೆನ್ಸನ್ನು ವಾಪಸು ಚಾಚುತ್ತಾ, ಸೌಜನ್ಯಕ್ಕೆಂದು ಕಿಟಕಿಯೊಳಗೆ ಇಣುಕಿದಳು.

"ನೀವು ಪುಣ್ಯವಂತ್ರು ಅಮ್ಮ. ಇಷ್ಟು ದೂರ ಪುಕ್ಸಟ್ಟೆ ಸಾಮಾನು ಸಾಗಿಸೋರು ಈ ಕಾಲ್ದಲ್ಲಿ ಎಲ್ಲಿ ಸಿಗ್ತಾರೆ?"

"ಪುಕ್ಸಟ್ಟೆ?" ಆರ್ಡಿಸ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಎರಡು ರಾಜ್ಯ ನುಂಗಿಕೊಂಡು ಬಂದಿದ್ದೆಲ್ಲ ಹೊರಗೆ ಬಂತು. "ನೋಡಮ್ಮ, ನಾನು ಹುಟ್ಟಿದಾಗಿಂದ ಯಾರ ಹತ್ರಾನೂ ಧರ್ಮಕ್ಕೆ ಏನೂ ಇಸ್ಕೊಂಡಿಲ್ಲ. ಡೀಸೆಲ್ಲಿಗೂ ಕೊಟ್ಟಿದೀನಿ, ಇವನ ಕೂಲಿಗೂ ಕೊಟ್ಟಿದೀನಿ. ಬೇಡ ಬೇಡ ಅಂದ, ಮೂರನೇ ಸಲಕ್ಕೆ ತಗೊಂಡ. ಅಲ್ನೋಡಿ, ಅಂಗಿ ಜೇಬಲ್ಲೇ ಇದೆ." ಗೇಲನ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಮಡಿಸಿದ ನೋಟುಗಳು ಸ್ಯಾಂಡ್‌ವಿಚ್ಚಿನ ಕಾಗದಕ್ಕೆ ಅಂಟಿಕೊಂಡು ಬೆಚ್ಚಗೆ ಕೂತಿದ್ದವು. ಆಫೀಸರು ಚಾಚಿದ್ದ ಲೈಸೆನ್ಸನ್ನು ಹಿಂದಕ್ಕೆಳೆದುಕೊಂಡಳು. "ಹಾಗಾದ್ರೆ ಇದು ಬಾಡಿಗೆ ಆಯ್ತಲ್ಲ ಸರ್. ದೊಡ್ಡ ಲೈಸೆನ್ಸೂ ಇಲ್ಲ. ಗಾಡಿ ವೇಬ್ರಿಜ್‌ಗೆ ತಿರುಗ್ಸಿ. ಸಾಮಾನೆಲ್ಲ ಇಳಿಸಿ, ಟ್ರೇಲರನ್ನ ಹೊರಗಿಂದ ಒಂದ್ಸಲ, ಒಳಗಿಂದ ಒಂದ್ಸಲ ಅಳೀಬೇಕು." ಒಳಗಿನ ಅಳತೆ ಹೊರಗಿನದಕ್ಕಿಂತ ಒಂದು ಟ್ರ್ಯಾಕ್ಟರಿನಷ್ಟು ಕಮ್ಮಿ ಬರುತ್ತದೆಂದು ಗೇಲನ್‌ಗೆ ಗೊತ್ತಿತ್ತು. ಬಹಳ ಹೊತ್ತು ಹಿಡಿಯುವ ಕೆಲಸವೆಂದು ಮಾತ್ರ ಆರ್ಡಿಸ್‌ಗೆ ಅರ್ಥವಾಯಿತು. ಕೋಪವೂ ಇಳಿದಿತ್ತು. ಕೈಚೀಲ ಬಿಚ್ಚಿ, ಉಳಿದಿದ್ದ ಸ್ಯಾಂಡ್‌ವಿಚ್ಚನ್ನು ಅವನ ಮುಂದೆ ಹಿಡಿದಳು. ಗೇಲನ್ ಬೇಡ ಎಂದ. ಮತ್ತೊಮ್ಮೆ ಬೇಡ ಎಂದ. ಆಕೆ ಮೂರನೇ ಸಲ ಕೇಳಿದಾಗ ತೆಗೆದುಕೊಂಡ.