ತಾತನ ಶಟಲ್ ಕಾರು

"ಹದಿನೈದು ಪಾಯಿಂಟ್ ಎಂಟು!"

ಅಪ್ಪ ಹೊಸ ಕಾರಿನ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ಹದಿನೈದು ಪಾಯಿಂಟ್ ಎಂಟು ಹಾಗೆಯೇ ಇತ್ತು.

"ಶೋರೂಮಿನವರು ಇಪ್ಪತ್ತೇಳು ಅಂದಿದ್ರು! ಲೀಟರಿಗೆ ಇಪ್ಪತ್ತೇಳು ಕಿಲೋಮೀಟರ್! ಹೈಬ್ರಿಡ್ ಕಣೇ ಇದು, ಅರ್ಧ ದಾರಿ ಬ್ಯಾಟರಿಯಲ್ಲೇ ಓಡುತ್ತೆ ಅಂದಿದ್ರು!"

"ನನ್ನನ್ಯಾಕೆ ಕೇಳ್ತೀರಿ? ನಾನೇನು ಶೋರೂಮ್ ಇಟ್ಟಿದೀನಾ?" ಎಂದರು ಅಮ್ಮ. ಅವರು ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದರು.

ಐದನೇ ಕ್ಲಾಸಿನ ಶೋಭಿತಾ ಜಗಲಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಪಾಪ ಅಪ್ಪ! ಕಾಫಿಗೆ ಒಳ್ಳೆ ರೇಟು ಬಂದ ವರ್ಷ, ಮೂರು ತಿಂಗಳು ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಈ ಕಾರನ್ನು ಆರಿಸಿದ್ದರು. ಮಾದಾಪುರದ ಪೇಟೆಯಲ್ಲಿ ಯಾರು ಸಿಕ್ಕಿದರೂ ಮೊದಲು ಕೇಳುವುದು "ಕಾರು ಎಷ್ಟು ಕೊಡುತ್ತೆ?" ಎಂದು. ಅಪ್ಪ ಎದೆಯುಬ್ಬಿಸಿ "ಇಪ್ಪತ್ತೇಳು" ಎನ್ನುತ್ತಿದ್ದರು. ಈಗ ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು.

ಸರ್ವೀಸ್ ಸೆಂಟರಿಗೆ ಎರಡು ಸಲ ಹೋಗಿ ಬಂದಾಗಿತ್ತು. "ಗಾಡಿ ಪಕ್ಕಾ ಇದೆ ಸಾರ್. ಡ್ರೈವಿಂಗ್ ಸ್ವಲ್ಪ ನೋಡ್ಕೊಳ್ಳಿ" ಎಂದು ಅವರು ನಗುನಗುತ್ತಾ ಕಳಿಸಿದ್ದರು.

ಡ್ರೈವಿಂಗ್ ಮಾಡುವುದು ಜಯಪ್ಪ ತಾತ. ಅಪ್ಪನಿಗೆ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ಕಾಫಿ ಹಣ್ಣು ಕೀಳಿಸುವ ಪಿಕ್ಕಿಂಗ್ ಕೆಲಸ. ಹಾಗಾಗಿ ಶೋಭಿತಾಳನ್ನು ಏಳು ಕಿಲೋಮೀಟರ್ ದೂರದ ಮಾದಾಪುರದ ಶಾಲೆಗೆ ಬಿಟ್ಟು, ಸಂಜೆ ಕರೆತರುವುದು ತಾತನೇ.

"ಅಪ್ಪಾ, ಬೇಜಾರು ಮಾಡ್ಕೋಬೇಡಿ" ಎಂದರು ಅಪ್ಪ ಮೆಲ್ಲಗೆ. "ನಿಮ್ದು ಬಸ್ಸು ಓಡ್ಸಿದ ಕಾಲು. ಆಕ್ಸಿಲರೇಟರ್ ಜೋರಾಗಿ ಒತ್ತುತ್ತೀರೇನೋ. ಇವತ್ತು ಭಾನುವಾರ, ಮೀಟರ್ ಝೀರೋ ಮಾಡಿದೀನಿ. ಶನಿವಾರದವರೆಗೆ ನೋಡೋಣ. ಇಪ್ಪತ್ತು ದಾಟ್ಲಿಲ್ಲ ಅಂದ್ರೆ ಶೋಭಿ ಸ್ಕೂಲ್ ವ್ಯಾನಲ್ಲಿ ಹೋಗ್ಲಿ. ನೀವೂ ಮನೇಲಿ ರೆಸ್ಟ್ ತಗೊಳ್ಳಿ."

"ಆಗ್ಲಿ ಬಿಡಪ್ಪ" ಎಂದರು ತಾತ. ಬಟ್ಟೆ ತೆಗೆದುಕೊಂಡು ಕಾರಿನ ಮುಂದಿನ ಗಾಜು ಒರೆಸತೊಡಗಿದರು. ಅದನ್ನು ಬೆಳಗ್ಗೆಯೇ ಒರೆಸಿದ್ದರು.

ತಾತನ ರೆಸ್ಟ್ ಹೇಗಿರುತ್ತದೆ ಎಂದು ಶೋಭಿತಾ ನೋಡಿದ್ದಳು. ತಾತ ಬಸ್ ಡ್ರೈವರ್ ಕೆಲಸದಿಂದ ರಿಟೈರ್ ಆದಮೇಲೆ ಒಂಬತ್ತು ವರ್ಷ ರೆಸ್ಟನ್ನೇ ತೆಗೆದುಕೊಂಡಿದ್ದರು. ಒಂದೇ ಪೇಪರನ್ನು ಮೂರು ಸಲ ಓದುತ್ತಿದ್ದರು. ಕಾರು ಬಂದಮೇಲೆ ನೋಡಬೇಕು! ದಿನಾ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಎಂಟೂವರೆಗೆ ಸರಿಯಾಗಿ ಅಂಗಳದಲ್ಲಿ ಹಾರ್ನು.

ಅಷ್ಟೇ ಅಲ್ಲ. ಮೈಲೇಜ್ ಎಲ್ಲಿ ಹೋಗುತ್ತದೆ ಎಂದು ಶೋಭಿತಾಳಿಗೆ ಚೆನ್ನಾಗಿ ಗೊತ್ತಿತ್ತು.

ತಾತ ಕಾರನ್ನು ಶಟಲ್ ಬಸ್ಸಿನ ಹಾಗೆ ಓಡಿಸುತ್ತಿದ್ದರು. ಎಲ್ಲೆಲ್ಲಿ ಬಸ್ಸು ನಿಲ್ಲುತ್ತದೋ ಅಲ್ಲೆಲ್ಲಾ ಅವರ ಕಾರು ನಿಲ್ಲುತ್ತಿತ್ತು. ಹಲಸಿನ ಮರದ ತಿರುವಿನಲ್ಲಿ ರುದ್ರಮ್ಮ. ಅವರಿಗೆ ಮಂಡಿನೋವು, ಆಸ್ಪತ್ರೆಗೆ ಹೋಗಬೇಕು. ಹೊಳೆಯ ಸೇತುವೆ ಹತ್ತಿರ ಮಾರಿಯಣ್ಣ. ಅವನು ತೋಟದ ಮರ ಹತ್ತಿ ಕೊಂಬೆ ಕಡಿಯುವ ಕಸಿ ಕೆಲಸಕ್ಕೆ ಹೋಗುವವನು, ಜೊತೆಗೆ ಏಣಿ ಒಂದು ಬಿಟ್ಟು ಉಳಿದೆಲ್ಲಾ ಸಾಮಾನು. ಆಮೇಲೆ ಏರುದಾರಿಯ ನಡುವೆ, ಎಸ್ಟೇಟಿನ ಕೆಲಸಗಾರರ ಲೈನ್‌ಮನೆಗಳ ಗೇಟಿನಲ್ಲಿ, ಮೂರನೇ ಕ್ಲಾಸಿನ ಚೋಮಿ.

ಆ ದಾರಿಯಲ್ಲಿ ಬೆಳಗಿನ ಬಸ್ಸು ಬರುವುದು ಒಂಬತ್ತು ನಲವತ್ತಕ್ಕೆ. ಶಾಲೆಯ ಬೆಲ್ಲು ಒಂಬತ್ತೂವರೆಗೆ.

ಎಲ್ಲರೂ ಹತ್ತಿದ ಮೇಲೆ ತಾತ ಕನ್ನಡಿಯಲ್ಲಿ ನೋಡುತ್ತಾ ಕಾಯುತ್ತಿದ್ದರು. ಶೋಭಿತಾ "ರೈಟ್!" ಎನ್ನಬೇಕು. ಆಗಲೇ ಕಾರು ಹೊರಡುವುದು. ತುಂಬಿದ ಕಾರು ಏರಿನ ನಡುವೆ ನಿಂತು ಮತ್ತೆ ಹೊರಡಬೇಕೆಂದರೆ ಬ್ಯಾಟರಿ ಒಂದೇ ಸಾಕಾಗುತ್ತದೆಯೇ? ಇಂಜಿನ್ನು ಗುರ್ ಎಂದು ಎದ್ದು ಪೆಟ್ರೋಲು ಕುಡಿಯುತ್ತಿತ್ತು. ಇಳಿದವರು ಸೀಟಿನ ಮೇಲೆ ಎರಡು ಕಿತ್ತಳೆಯನ್ನೋ, ಒಂದು ಕಟ್ಟು ಸೊಪ್ಪನ್ನೋ ಬಿಟ್ಟು ಹೋಗುತ್ತಿದ್ದರು. ಅಮ್ಮ ಅದನ್ನೆಲ್ಲಾ ತಾತ ಸಂತೆಯಲ್ಲಿ ಕೊಂಡದ್ದು ಎಂದುಕೊಂಡಿದ್ದರು. ಯಾರೂ ಕೇಳಿರಲಿಲ್ಲ, ತಾತನೂ ಹೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಕಾರು ಹತ್ತಿದ ಕೂಡಲೇ ಶೋಭಿತಾ ಗಾಜು ಏರಿಸಿದಳು.

"ತಾತ, ಈ ವಾರ ನಮ್ಮದು ನಾನ್‌ಸ್ಟಾಪ್."

"ಏನಂದೆ ಮಗ? ಮೂವತ್ತು ವರ್ಸದಲ್ಲಿ ನಾನು ಒಂದಿನಾನೂ ನಾನ್‌ಸ್ಟಾಪ್ ಓಡ್ಸಿಲ್ಲ. ನಂದು ಶಟಲ್."

"ಒಂದೇ ವಾರ ತಾತ. ಇಲ್ಲಾಂದ್ರೆ ನಿಮ್ಮನ್ನ ಮನೇಲಿ ಕೂರಿಸ್ತಾರೆ. ನಂಗೆ ವ್ಯಾನ್ ಬೇಡ. ನೀವೇ ಬೇಕು."

ಅವಳ ಕಣ್ಣು ತುಂಬಿದ್ದನ್ನು ಕಂಡು ತಾತ ಕಾರು ಸ್ಟಾರ್ಟ್ ಮಾಡಿದರು.

ಆದರೆ ತಾತನ ಕಾಲು ತಾತನ ಮಾತು ಕೇಳಬೇಕಲ್ಲ! ಹಲಸಿನ ಮರ ಬಂದ ಕೂಡಲೇ ಕಾಲು ತಾನಾಗಿ ಬ್ರೇಕ್ ಒತ್ತಿತು. ಕಾರು ನಿಧಾನವಾಯಿತು. ರುದ್ರಮ್ಮ ಚೀಲ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ತಾತ, ಬ್ರೇಕ್ ಬೇಡ!"

ಕಾರು ಮುಂದೆ ಹೋಯಿತು. ಸೇತುವೆಯಲ್ಲೂ ಹಾಗೆಯೇ ಆಯಿತು. ಲೈನ್‌ಮನೆ ಗೇಟಿನಲ್ಲೂ ಹಾಗೆಯೇ. ವಿಚಿತ್ರವೆಂದರೆ, ಒಂದೊಂದು ಸ್ಟಾಪ್ ಬಂದಾಗಲೂ ಶೋಭಿತಾಳ ಶೂ ಲೇಸು ಬಿಚ್ಚಿಕೊಳ್ಳುತ್ತಿತ್ತು. ಅವಳು ತಲೆ ಬಗ್ಗಿಸಿ ಅದನ್ನು ಕಟ್ಟುತ್ತಾ ಕೂತಿರುತ್ತಿದ್ದಳು.

ಮಂಗಳವಾರ ಸ್ಕ್ರೀನಿನಲ್ಲಿ ಹತ್ತೊಂಬತ್ತು ಪಾಯಿಂಟ್ ಎರಡು. ಬುಧವಾರ ಇಪ್ಪತ್ತೊಂದು ಪಾಯಿಂಟ್ ನಾಲ್ಕು!

"ನೋಡಿದ್ಯಾ ಸೌಜನ್ಯ? ನಿಧಾನ ಓಡ್ಸಿದ್ರೆ ಬರುತ್ತೆ!" ಅಪ್ಪ ಅಮ್ಮನನ್ನು ಕರೆದು ತೋರಿಸಿದರು. ಸ್ಕ್ರೀನಿನ ಫೋಟೋ ತೆಗೆದುಕೊಂಡರು. ಅವತ್ತೇ ಪೇಟೆಗೂ ಹೋಗಿ ಬಂದರು.

ಶೋಭಿತಾಳಿಗೂ ಖುಷಿಯಾಗಬೇಕಿತ್ತು. ಆದರೆ ಮೂರು ದಿನದಿಂದ ಅವಳು ಒಂದು ಸಲವೂ "ರೈಟ್" ಎಂದಿರಲಿಲ್ಲ. ಕಾರಿನ ಒಳಗೆ ಕಿತ್ತಳೆಯ ಪರಿಮಳವೂ ಇರಲಿಲ್ಲ.

ಗುರುವಾರ ಮೊದಲ ಪೀರಿಯಡ್ ಪಿ.ಟಿ. ಅವಳ ಶಾಲೆಗೂ ಪಕ್ಕದಲ್ಲೇ ಇದ್ದ, ಚೋಮಿ ಓದುವ ಸರ್ಕಾರಿ ಶಾಲೆಗೂ ಒಂದೇ ಮೈದಾನ. ಶೋಭಿತಾ ಥ್ರೋಬಾಲ್ ಆಡುತ್ತಿದ್ದಾಗ ಮೈದಾನದ ಅಂಚಿನಲ್ಲಿ ಚೋಮಿ ಓಡೋಡಿ ಬರುವುದು ಕಂಡಿತು. ಕಾಲೆಲ್ಲಾ ಕೆಂಪು ಧೂಳು. ಮುಖದ ತುಂಬಾ ಬೆವರು.

ಶೋಭಿತಾ ಮುಖ ತಿರುಗಿಸಿಕೊಳ್ಳಬೇಕೆಂದುಕೊಂಡಳು. ಅಷ್ಟರಲ್ಲಿ ಚೋಮಿ ನೋಡಿಯೇಬಿಟ್ಟಳು.

"ಅಕ್ಕಾ!"

"ಯಾಕೆ ಚೋಮಿ ಲೇಟು?"

"ನಡ್ಕೊಂಡು ಬಂದೆ. ನಾಕು ದಿನದಿಂದ ಲೇಟು. ಟೀಚರು ಬಾಗ್ಲಲ್ಲಿ ನಿಲ್ಲಿಸ್ತಾರೆ." ಚೋಮಿ ಉಸಿರು ಎಳೆದುಕೊಂಡು ನಕ್ಕಳು. "ನಿಮ್ಮ ಕಾರು ಫುಲ್ ಇತ್ತಲ್ವಾ ಅಕ್ಕ? ಮನೆಗೆ ನೆಂಟ್ರು ಬಂದಿದಾರಾ?"

ಕಾರಿನಲ್ಲಿ ಇದ್ದದ್ದು ಇಬ್ಬರೇ. ಹಿಂದಿನ ಸೀಟಿನಲ್ಲಿ ಅವಳ ಬ್ಯಾಗು ಕಾಲುಚಾಚಿ ಮಲಗಿತ್ತು.

ಚೋಮಿ ತನ್ನ ಚೀಲದೊಳಗೆ ಕೈ ಹಾಕಿ ತಡಕಿ ಒಂದು ಸೀಬೆಹಣ್ಣು ತೆಗೆದಳು. ಅದು ಮೆತ್ತಗಾಗಿ, ಒಂದು ಕಡೆ ಕಪ್ಪಾಗಿತ್ತು.

"ಇದು ತಾತಂಗೆ. ಸೋಮವಾರವೇ ತಂದಿದ್ದೆ. ಚೀಲದಲ್ಲೇ ಇದ್ದು ಹಿಂಗಾಗೋಯ್ತು. ಆದ್ರೂ ಸಿಹಿ ಇರುತ್ತೆ ಅಕ್ಕ."

ಅವಳು ಹಣ್ಣು ಕೊಟ್ಟು ಓಡಿಹೋದಳು. ಥ್ರೋಬಾಲ್ ಬಂದು ಶೋಭಿತಾಳ ಭುಜಕ್ಕೆ ಬಡಿಯಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಸಂಜೆ ಕಾರಿನಲ್ಲಿ ಕೂತ ಮೇಲೆ ಅವಳು ಸೀಬೆಹಣ್ಣನ್ನು ತಾತನ ಮುಂದೆ ಹಿಡಿದಳು.

"ಚೋಮಿ ಕೊಟ್ಟಳು. ಕಾರು ಫುಲ್ ಇತ್ತು ಅಂದ್ಕೊಂಡಿದಾಳೆ ತಾತ."

ತಾತ ಕಾರನ್ನು ಸ್ಟಾರ್ಟ್ ಮಾಡಲಿಲ್ಲ. ಹಣ್ಣನ್ನು ಎರಡು ಭಾಗ ಮಾಡಿ, ಚೆನ್ನಾಗಿದ್ದ ಭಾಗವನ್ನು ಅವಳಿಗೆ ಕೊಟ್ಟು, ಕಪ್ಪಾದದ್ದನ್ನು ತಾವು ತಿಂದರು.

"ನೋಡು ಮಗ" ಎಂದರು ಆಮೇಲೆ. "ಮೂವತ್ತು ವರ್ಸ ಈ ಜನ ನನ್ನ ಬಸ್ಸಿಗೆ ಕಾದಿದಾರೆ. ಟೈರ್ ಪಂಚರಾಗಿ ಒಂದೊಂದ್ಸಲ ಎರಡು ಗಂಟೆ ಲೇಟಾಗ್ತಿತ್ತು. ಮಳೇಲಿ ಕೊಡೆ ಹಿಡ್ಕೊಂಡು ನಿಂತೇ ಇರೋರು. ಒಬ್ರೂ ಬೈತಿರಲಿಲ್ಲ. 'ಬಂದ್ಯಾ ಡ್ರೈವರಣ್ಣ' ಅಂತ ನಗ್ತಾ ಹತ್ತೋರು. ಅವ್ರು ಕಾದಿದ್ದಕ್ಕೆ ತಾನೇ ನಂಗೆ ಕೆಲ್ಸ ಇತ್ತು? ನಿಮ್ಮಪ್ಪ ಓದಿದ್ದು ಅದ್ರಲ್ಲೇ ಕಣವ್ವ. ಅವ್ರ ಉಪಕಾರ ನಾನು ಹೆಂಗೆ ಮರೀಲಿ?"

ಇಷ್ಟು ದಿನ ಶೋಭಿತಾ, ತಾತನೇ ಅವರಿಗೆಲ್ಲಾ ಉಪಕಾರ ಮಾಡುತ್ತಿದ್ದಾರೆ ಎಂದುಕೊಂಡಿದ್ದಳು.

ಮನೆ ತಲುಪಿದ ಕೂಡಲೇ ಅವಳು ಅಪ್ಪನ ಹತ್ತಿರ ಹೋದಳು. "ಅಪ್ಪ, ನಾಳೆ ನೀವು ಕಾರು ಓಡ್ಸಿ. ತಾತನೂ ಬರ್ಲಿ."

"ಪಿಕ್ಕಿಂಗ್ ಇದೆಯಲ್ಲೇ."

"ಒಂದೇ ದಿನ. ಮೈಲೇಜ್ ಎಲ್ಲಿ ಹೋಗ್ತಿತ್ತು ಅಂತ ತೋರಿಸ್ತೀನಿ."

ಈ ಮಾತಿಗೆ ಅಪ್ಪ ಬೇಡ ಎನ್ನುವುದುಂಟೇ?

ಶುಕ್ರವಾರ ಬೆಳಗ್ಗೆ ಅಪ್ಪ ಸ್ಟೀರಿಂಗ್ ಹಿಡಿದರು. ತಾತ ಪಕ್ಕದಲ್ಲಿ ಕೈಕಟ್ಟಿ ಕೂತರು. ಹಲಸಿನ ಮರದ ತಿರುವು ಬಂತು.

"ಸ್ಟಾಪ್!" ಎಂದಳು ಶೋಭಿತಾ.

"ಇಲ್ಲೇನಿದೆ?" ಎನ್ನುತ್ತಾ ಅಪ್ಪ ನಿಲ್ಲಿಸಿದರು. ರುದ್ರಮ್ಮ ಬಾಗಿಲು ತೆಗೆದು, ತಮ್ಮ ಮನೆಗೆ ಬಂದ ಹಾಗೆ ಒಳಗೆ ಕೂತರು. ತಾತನನ್ನು ಕಂಡು ಅವರ ಮುಖ ಅರಳಿತು.

"ಡ್ರೈವರಣ್ಣ, ಹೆಂಗಿದ್ದೀಯಪ್ಪ? ನಾಕು ದಿನ ಕಾರು ನಿಲ್ಲದೆ ಹೋಯ್ತಲ್ಲ, ನಿಂಗೆ ಹುಷಾರಿಲ್ಲ, ಅರ್ಜೆಂಟಾಗಿ ಆಸ್ಪತ್ರೆಗೆ ಹೋಗ್ತಿದ್ದೀಯ ಅಂದ್ಕೊಂಡೆ. ತಗೋ, ಕಷಾಯದ ಪುಡಿ. ದಿನಾ ಕೈಲಿ ಹಿಡ್ಕೊಂಡೇ ನಿಂತಿದ್ದೆ."

ತಾತ ಪೊಟ್ಟಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಏನಾದರೂ ಹೇಳಬೇಕೆಂದು ಬಾಯಿ ತೆರೆದು ಕೆಮ್ಮಿದರು. ಕೆಮ್ಮು ಕೇಳಿ ರುದ್ರಮ್ಮನಿಗೆ ಕಾಯಿಲೆ ಇರುವುದು ಖಾತ್ರಿಯಾಯಿತು. "ಜೇನು ಹಾಕ್ಕೊಂಡು ಕುಡಿ" ಎಂದರು.

ಅಪ್ಪ ತಾತನ ಮುಖ ನೋಡಿದರು. ಕನ್ನಡಿಯಲ್ಲಿ ಶೋಭಿತಾಳನ್ನು ನೋಡಿದರು.

"ರೈಟ್" ಎಂದಳು ಶೋಭಿತಾ.

ಸೇತುವೆಯ ಹತ್ತಿರ ಮಾರಿಯಣ್ಣ ಹಗ್ಗ, ಕತ್ತಿ, ಊಟದ ಡಬ್ಬಿ ಎಲ್ಲವನ್ನೂ ಡಿಕ್ಕಿಗೆ ತುಂಬಿ ಹತ್ತಿದ. ಏರು ಶುರುವಾಯಿತು. ಇಂಜಿನ್ನು ಗುರ್ ಎಂದಿತು. ಸ್ಕ್ರೀನಿನ ನಂಬರು ಇಳಿಯತೊಡಗಿತು. ಇಪ್ಪತ್ತು ಪಾಯಿಂಟ್ ಒಂಬತ್ತು. ಇಪ್ಪತ್ತು ಪಾಯಿಂಟ್ ಎರಡು. ಹತ್ತೊಂಬತ್ತು ಪಾಯಿಂಟ್ ಎಂಟು.

"ಎಷ್ಟು ಕೊಡುತ್ತಪ್ಪ ಈ ಕಾರು?" ರುದ್ರಮ್ಮ ಕೇಳಿದರು.

ಶೋಭಿತಾ ಉಸಿರು ಬಿಗಿಹಿಡಿದಳು. ಅಪ್ಪ ಸ್ಕ್ರೀನಿನ ಕಡೆ ಒಮ್ಮೆ ನೋಡಿದರು.

"ಹದಿನೈದು ಕೊಡುತ್ತಮ್ಮ. ಹದಿನಾರು ಅಂತಿಟ್ಕೊಳ್ಳಿ."

"ಒಳ್ಳೆ ಕಾರು ಬಿಡು. ಕುಲುಕಾಟವೇ ಇಲ್ಲ. ನನ್ನ ಮಂಡಿ ನೋಯೋದೇ ಇಲ್ಲ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಅಪ್ಪನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಅವರು ಆ ಕಾರಿನೊಳಗೆ ನಕ್ಕಿದ್ದರು.

"ಅಪ್ಪಾ" ಎಂದರು ಅವರು ತಾತನ ಕಡೆಗೆ ತಿರುಗದೆ. "ಇಷ್ಟು ಜನ, ಇಷ್ಟು ಸಾಮಾನು. ಈ ಏರಲ್ಲಿ ಹೆಂಗೆ ಓಡಿಸ್ತಿದ್ರಿ? ನಾಳೆಯಿಂದ ನೀವೇ ಓಡ್ಸಿ. ಇದು ನನ್ನ ಕೈಲಾಗಲ್ಲ."

"ಆಗ್ಲಿ ಬಿಡಪ್ಪ" ಎಂದರು ತಾತ. ಭಾನುವಾರ ಹೇಳಿದ್ದೂ ಅದೇ ಮಾತು. ಆದರೆ ಇವತ್ತು ಹಾಗೆ ಹೇಳಿ, ಅಂಗಿಯ ಕಾಲರು ಸರಿಮಾಡಿಕೊಂಡರು.

ಲೈನ್‌ಮನೆ ಗೇಟು ಬಂತು. ಶೋಭಿತಾ ತಾತನನ್ನೇ ನೋಡುತ್ತಾ "ಸ್ಟಾಪ್" ಎನ್ನುವುದನ್ನು ಮರೆತಿದ್ದಳು. ಆದರೂ ಕಾರು ನಿಂತಿತು. ಗೇಟಿನ ಹತ್ತಿರ ನಿಂತ ಪುಟ್ಟ ಹುಡುಗಿ ಅಪ್ಪನಿಗೇ ಕಂಡಿದ್ದಳು.

ಚೋಮಿ ಓಡಿ ಬಂದು ಗಾಜಿನೊಳಗೆ ಇಣುಕಿದಳು. ಮುಂದೆ ಅಪ್ಪ, ತಾತ. ಹಿಂದೆ ರುದ್ರಮ್ಮ, ಮಾರಿಯಣ್ಣ, ಶೋಭಿತಾ, ಬ್ಯಾಗು. ಅವಳ ಮುಖ ಬಾಡಿತು. ಎರಡು ಹೆಜ್ಜೆ ಹಿಂದೆ ಸರಿದಳು.

"ಇವತ್ತೂ ಫುಲ್ಲಾ ಅಕ್ಕ?"

ಇವತ್ತು ಕಾರು ನಿಜವಾಗಿಯೂ ಫುಲ್ ಆಗಿತ್ತು.

ಶೋಭಿತಾ ಬ್ಯಾಗನ್ನು ಕಾಲ ಹತ್ತಿರ ಇಳಿಸಿದಳು. ರುದ್ರಮ್ಮನಿಗೆ ಒತ್ತಿಕೊಂಡು ಕೂತು, ಪಕ್ಕದಲ್ಲಿ ಒಂದು ಗೇಣಿನಷ್ಟು ಸೀಟು ಖಾಲಿ ಮಾಡಿ, ಬಾಗಿಲು ತೆಗೆದಳು.

"ಇಲ್ಲ ಚೋಮಿ, ಬಾ. ಜಾಗ ಇದೆ."