ಒಂದು ಬೆರಳಿನ ಜಾಗ

"ಹೋದ ವರ್ಷ ನೀನು ಒಡೆದದ್ದು ಬರೀ ಮಣ್ಣಲ್ಲ, ಫಿಡೆನ್ಸಿಯೋ. ನನ್ನ ಹೆಸರು."

ಹಸಿಂತಾ ಫಿಡೆನ್ಸಿಯೋನ ಪೆಟ್ಟಿಗೆ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಎದೆಗವಚಿಕೊಂಡಿದ್ದ ಜೀವವೃಕ್ಷವನ್ನು ಅವನ ಕೈಗೆ ಕೊಡಲೂ ಇಲ್ಲ. ಸುಟ್ಟ ಮಣ್ಣಿನ ಮರ, ಕೊಂಬೆಕೊಂಬೆಗೂ ತಂತಿಯ ತುದಿಯಲ್ಲಿ ನಡುಗುವ ಎಲೆ, ಹಕ್ಕಿ. ಬುಡದಲ್ಲಿ ಆದಾಮ, ಈವ. ಕುಂಬಾರರ ಊರಾದ ಮೆಟೆಪೆಕ್‌ನಲ್ಲಿ ಮದುವೆಗೆ ಇದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಹೋದ ವರ್ಷ ಅವಳು ಮಾಡಿದ ಇಂಥದೇ ಮರ ಇವನ ಪೆಟ್ಟಿಗೆಯಲ್ಲಿ ಹೋಗಿ, ದೂರದ ತಿಹುವಾನಾದ ಮದುವೆಮನೆಯನ್ನು ಚೂರಾಗಿ ಮುಟ್ಟಿತ್ತು. ಈವಳ ಕತ್ತು ಮುರಿದಿತ್ತು. ಅಪಶಕುನವೆಂದು ಪೆಟ್ಟಿಗೆ ಸಮೇತ ಇವನ ಅಂಗಡಿಗೇ ವಾಪಸು ಕಳಿಸಿದ್ದರು. ಆಮೇಲೆ ಮದುವೆಯ ಮರ ಕೇಳಿಕೊಂಡು ಹಸಿಂತಾಳ ಬಾಗಿಲಿಗೆ ಯಾರೂ ಬಂದಿರಲಿಲ್ಲ.

ಈಗ ಮಾಂಟೆರ್ರೇಯ ಅಜ್ಜಿಯೊಬ್ಬಳು ಮೊಮ್ಮಗಳ ಮದುವೆಗೆ ಮರ ಹೇಳುವ ಧೈರ್ಯ ಮಾಡಿದ್ದಳು. ಇದೂ ಒಡೆದರೆ ಮಣ್ಣು ಸುಡುವ ಗೂಡಿನ ಬೆಂಕಿ ಆರಿಸಿ ಕೂರಬೇಕಷ್ಟೇ. ಮರದ ಪೆಟ್ಟಿಗೆ ಮಾಡುವವನು ಆ ಬೀದಿಗೆಲ್ಲ ಇವನೊಬ್ಬನೇ...

ಫಿಡೆನ್ಸಿಯೋ ಸುತ್ತಿಗೆ ಹಿಡಿದೇ ನಿಂತಿದ್ದ.

'ಆಗಲೂ ಹೀಗೇ ನಿಂತಿದ್ದ. ಒಂದು "ತಪ್ಪಾಯ್ತು" ಕೂಡ ಇಲ್ಲ. ಇವನು ನೋಡಲಿ ಅಂತಲ್ಲವೇ ನಾನು ಭಾನುವಾರ ಜಡೆಗೆ ರಿಬ್ಬನ್ ಕಟ್ಟುತ್ತಿದ್ದದ್ದು...'

"ಬಾಯ್ತುಂಬ ಮೊಳೆ ಇಟ್ಕೊಂಡು ಹೇಗೆ ಮಾತಾಡ್ತಾನೆ, ಮಗಳೇ?" ಬಾಗಿಲ ಬಳಿ ಜೋಳದ ಕಡುಬು ತಮಾಲೆ ಮಾರುತ್ತಿದ್ದ ದೋನ್ಯಾ ಚೋಲೆ ಎಂದಳು. "ಮೊಳೆ ಇಲ್ಲದಾಗಲೂ ಅಷ್ಟೇ ಬಿಡು."

ಅವನು ಮೊಳೆಗಳನ್ನು ಅಂಗೈಗೆ ಉಗುಳಿದ. ಬೀದಿಯಲ್ಲಿದ್ದ ಗಾಡಿಯ ಮೇಲಿನ ಮುಚ್ಚಿದ ಪೆಟ್ಟಿಗೆ ತೋರಿಸಿದ.

"ಅದನ್ನ ಕೆಳಗೆ ಎಸಿ."

"ಏನು?"

"ನಿನ್ನ ಮರ ಹೋಗೋದು ಅಂಥ ಪೆಟ್ಟಿಗೇಲೇ. ನಂಬಿಕೆ ಇಲ್ವಲ್ಲ? ಸಿಟ್ಟಿದ್ದಷ್ಟೂ ಹಾಕಿ ಎಸಿ."

ಹಸಿಂತಾ ಮರವನ್ನು ಜೋಪಾನವಾಗಿ ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟಳು. ಗಾಡಿ ಹತ್ತಿ, ಪೆಟ್ಟಿಗೆಯನ್ನು ಕಾಲಿನಿಂದ ನೂಕಿದಳು. ಧಡ್ ಎಂದು ಬಿತ್ತು. ಸಾಲಲಿಲ್ಲ. ಇಳಿದು ಉರುಳಿಸಿದಳು, ಒದ್ದಳು.

"ಇದು ನನ್ನ ಹೆಸರಿಗೆ. ಇದು... ನಿನ್ನ ಈ ಹಾಳು ಮೌನಕ್ಕೆ."

ಉಸಿರು ಸೋತು ನಿಂತಳು. "ಒಳಗೇನಿದೆ, ಇಟ್ಟಿಗೆನಾ?"

ಅವನು ಮುಚ್ಚಳ ಕಿತ್ತ. ಒಣಹುಲ್ಲು. ಹುಲ್ಲಿನ ನಡುವೆ ಇನ್ನೊಂದು ಪೆಟ್ಟಿಗೆ. ಅದರೊಳಗೆ, ಕಾಗದದ ಸುರುಳಿಗಳ ಮಧ್ಯೆ, ಅವಳದೇ ಮರ. ಹೋದ ವರ್ಷದ್ದು. ಕೊಂಬೆಗಳಲ್ಲೂ ಈವಳ ಕತ್ತಿನ ಸುತ್ತಲೂ ಅಂಟಿನ ತೆಳ್ಳನೆಯ ಗೆರೆ. ಒಂದು ಎಲೆಯೂ ಉದುರಿರಲಿಲ್ಲ.

ಹಸಿಂತಾ ಪೆಟ್ಟಿಗೆಯ ಪಕ್ಕ ಕುಕ್ಕರಿಸಿದಳು. "ಹುಚ್ಚು ಹಿಡಿದಿದೆಯಾ ನಿನಗೆ? ಒಡೆದುಹೋಗಿದ್ರೆ?"

"ಒಡೀತಿರಲಿಲ್ಲ."

"ಮತ್ತೆ ಆಗ ಯಾಕೆ ಒಡೀತು?"

ಅವನು ಕಿತ್ತ ಮುಚ್ಚಳವನ್ನು ಗೋಡೆಗೆ ಒರಗಿಸಿದ. ಈ ಸಲ ಅವಳು ಕಾದಳು.

"ಬೇರೆಯವರ ಮರ ಕಟ್ಟುವಾಗ ಎಲೆ ಸುತ್ತ ಒಂದು ಬೆರಳು ಜಾಗ ಬಿಡ್ತೀನಿ. ತಂತಿ ಮೇಲಿನ ಎಲೆ ನಡುಗಬೇಕು, ಆಗಲೇ ಉಳಿಯೋದು. ನಿನ್ನದಕ್ಕೆ... ಜಾಗ ಬಿಡೋಕೆ ಕೈ ಬರಲಿಲ್ಲ. ಭಯಕ್ಕೆ ಸಂದುಸಂದಿಗೂ ಹುಲ್ಲು ಗಿಡಿದೆ. ಲಾರಿ ಕುಲುಕಿದಾಗ ಅಲುಗೋಕಾಗದೆ ಮುರೀತು."

"ಅಷ್ಟನ್ನ ಆಗಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ, 'ನನ್ನ ಮರಕ್ಕೆ ಮಾತ್ರ ಯಾಕೆ ಭಯ' ಅಂತ ನೀನು ಕೇಳ್ತಿದ್ದೆ."

"ಈಗ ಕೇಳ್ತಿದೀನಿ."

"ನೀನಂದ್ರೆ ಇಷ್ಟ. ಅದಕ್ಕೆ."

ದೋನ್ಯಾ ಚೋಲೆ ತಮಾಲೆಯ ಪಾತ್ರೆಯತ್ತ ತಿರುಗಿ ಕೂತಳು.

ಹಸಿಂತಾ ಹೊಸ ಮರವನ್ನು ಎತ್ತಿ ಅವನ ಕೈಗಿಟ್ಟಳು. "ಕಟ್ಟು. ಪಕ್ಕದಲ್ಲೇ ನಿಂತು ನೋಡ್ತೀನಿ."

"ಸಿಟ್ಟು ಹೋಯ್ತಾ?"

"ಇಲ್ಲ." ಅವಳು ಹಳೆಯ ಮರದ ಒಂದು ಎಲೆಯನ್ನು ಬೆರಳಿನಿಂದ ಮುಟ್ಟಿದಳು. ಅದು ನಡುಗಿತು. "ಇದನ್ನ ಮಾತ್ರ ಯಾರಿಗೂ ಕೊಡಬೇಡ."

"ಕತ್ತು ಮುರಿದ ಈವ, ಮದುವೆಗೆ ಅಪಶಕುನ ಅಂತಾರೆ."

"ಇಷ್ಟು ಒದ್ದರೂ ಉಳಿದಳಲ್ಲ. ನಮ್ಮ ಮದುವೆಗೆ ಇವಳೇ ಇರಲಿ."