ಹಳದಿ ಗುಳಿಗೆ

“ಏ ಶಾರಿ, ಕೈ ತೋರ್ಸ ನೋಡೂಣು,” ಎಂದಳು ಜನ್ನತಬಿ.

ಶಾರವ್ವ ಮುಷ್ಟಿ ಬಿಗಿಹಿಡಿದಳು. ಜನ್ನತಬಿ ಒಂದೊಂದೇ ಬೆರಳು ಬಿಡಿಸಿದಳು. ಅಂಗೈ ಅರಿಷಿಣ ಹಚ್ಚಿದಂತೆ ಹಳದಿಯಾಗಿತ್ತು.

“ಯಾ ಅಲ್ಲಾ! ನಿನಗ ಕಾಮಣಿ ಆಗೈತಿ!”

ಜನ್ನತಬಿ ಪಾಟಿ ಎತ್ತಿಕೊಂಡು ದೂರ ಸರಿದು ಕುಳಿತಳು. ನಾಲ್ಕನೇ ಇಯತ್ತೆಯ ಮಕ್ಕಳೆಲ್ಲ ತಿರುಗಿ ನೋಡಿದರು. ಆ ಹೊತ್ತು ಮಾಸ್ತರರು ಏನು ಬರೆಸಿದರೋ ಶಾರವ್ವನಿಗೆ ಒಂದೂ ತಿಳಿಯಲಿಲ್ಲ.

ಮಾಸೂರಿನ ಕೆರೆಯ ಕೆಳಗಿನ ಮನೆಗಳಲ್ಲಿ ಆ ವರ್ಷ ಚಳಿಜ್ವರ ಬಲು ಜೋರಾಗಿತ್ತು. ಶಾರವ್ವನಿಗೂ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ಎರಡೆರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವ ಮಂಜವ್ವ ಅವಳನ್ನು ಹಿರೇಕೆರೂರಿನ ದವಾಖಾನೆಗೆ ಕರೆದೊಯ್ದಿದ್ದಳು. ಅಲ್ಲಿ ಕೊಟ್ಟಿದ್ದು ಹೊಸ ಔಷಧ, ಸಣ್ಣ ಸಣ್ಣ ಹಳದಿ ಗುಳಿಗೆ. ಜ್ವರವೇನೋ ನಿಂತಿತು. ಆದರೆ ಮೈ ಹೀಗಾಯಿತು.

ಸಂಜೆ ಆಯಿ ಗುತ್ತೆವ್ವ ಮೊಮ್ಮಗಳನ್ನು ಬಾಗಿಲ ಬೆಳಕಿಗೆ ಎಳೆದು ನಿಲ್ಲಿಸಿದಳು. ಕೈ ನೋಡಿದಳು, ಕೆನ್ನೆ ನೋಡಿದಳು.

“ಮಂಜವ್ವ, ಇದು ಕಾಮಣಿನ. ಆ ಗುಳಿಗಿ ಬಂದ್ ಮಾಡು. ನಾಳೆ ಕೈಗೆ ಬರಿ ಹಾಕಿಸ್ಕೊಂಡ ಬರೂಣು.”

ಬರೆ ಎಂದರೆ ಕಾಯಿಸಿದ ಕಬ್ಬಿಣದಿಂದ ಸುಡುವುದು. ಶಾರವ್ವ ಓಡಿಹೋಗಿ ಅವ್ವನ ಬೆನ್ನ ಹಿಂದೆ ನಿಂತಳು.

“ಅವ್ವಾ, ಮೊದಲ ಡಾಕ್ಟರ್ ಸಾಹೇಬರನ್ನ ಕೇಳೂಣು,” ಎಂದಳು ಅಲ್ಲಿಂದಲೇ.

“ಅಷ್ಟು ದೊಡ್ಡವರನ್ನ ಏನಂತ ಕೇಳೂದವಾ? ನಿಮ್ಮ ಔಷಧ ಸರಿ ಇಲ್ಲ ಅಂತ ಹೇಳಾಕ ಆಕ್ಕೈತೇನು?”

ಹಾಗೆ ಅಂದರೂ ಮಂಜವ್ವ ಮಾರನೆಯ ಮುಂಜಾನೆ ಹಿರೇಕೆರೂರಿಗೆ ಹೊರಟಿದ್ದ ಒಂದು ಚಕ್ಕಡಿಯಲ್ಲಿ ಮಗಳನ್ನು ಹತ್ತಿಸಿಕೊಂಡಳು. “ಸಂಜಿ ಮಟ ಅಷ್ಟ ಕಾಯ್ತೇನಿ ನಾ,” ಎಂದಳು ಆಯಿ.

ದವಾಖಾನೆಯ ಕಟ್ಟೆಯ ತುಂಬ ಮಂದಿ. ಇವರ ಸರದಿ ಬಂದಾಗ ಮಹಾಲಿಂಗಪ್ಪ ಡಾಕ್ಟರು ತಲೆ ಎತ್ತದೆ ಏನೋ ಬರೆಯುತ್ತಿದ್ದರು.

“ಜ್ವರ ಮತ್ತ ಬಂತೇನು?”

“ಇಲ್ರಿ,” ಎಂದಳು ಮಂಜವ್ವ, ಸೆರಗು ಸರಿಮಾಡಿಕೊಳ್ಳುತ್ತ.

“ಭೇಷ್. ಗುಳಿಗಿ ಹಂಗ ನಡಸ್ರಿ. ಮುಂದಿನವರು ಬರ್ರಿ.”

“ಹೂನ್ರಿ,” ಎಂದು ಮಂಜವ್ವ ತಿರುಗಿಯೇಬಿಟ್ಟಳು! ಮಗಳ ರಟ್ಟೆ ಹಿಡಿದು ಎಳೆದಳು. ಶಾರವ್ವ ರಟ್ಟೆ ಬಿಡಿಸಿಕೊಂಡಳು. ಅವಳು ಎರಡೂ ಕೈ ಚಾಚಿ ಟೇಬಲ್ಲಿನ ಮೇಲೆ ಇಟ್ಟಳು.

“ಸಾಹೇಬ್ರ, ನಾ ಯಾಕ ಹಿಂಗ ಹಳದಿ ಆಗೇನ್ರಿ? ಕಾಮಣಿ ಏನ್ರಿ? ನಮ್ಮ ಆಯಿ ಇವತ್ತ ಬರಿ ಹಾಕಸ್ತೇನಿ ಅಂದಾಳ್ರಿ.”

ಡಾಕ್ಟರು ಲೆಕ್ಕಣಿಕೆ ಕೆಳಗಿಟ್ಟರು. ಎದ್ದು ಬಂದು ಅವಳ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ನೋಡಿದರು.

“ಬರಿ ಗಿರಿ ಏನೂ ಬ್ಯಾಡ. ಬಾರವಾ, ನೀನೂ ನೋಡು,” ಎಂದು ಮಂಜವ್ವನನ್ನು ಕರೆದರು. “ಕಣ್ಣಿನ ಬಿಳಿ ಬೆಳ್ಳಗ ಐತಿಲ್ಲ? ಕಾಮಣಿ ಆಗಿದ್ರ ಮೊದಲು ಕಣ್ಣು ಹಳದಿ ಆಕ್ಕಿತ್ತು. ಇದು ಬರೇ ಗುಳಿಗಿ ಬಣ್ಣ. ಯುದ್ಧದಾಗ ಮೊದಲಿನ ಔಷಧ ಕ್ವಿನೈನ್ ಬರೂದು ನಿಂತೈತಿ, ಅದಕ್ಕ ಇದನ್ನ ಕೊಡಾಕತ್ತೇವಿ.”

“ಬಣ್ಣ ಹೋಗ್ತೈತೇನ್ರಿ?” ಎಂದಳು ಶಾರವ್ವ.

“ಗುಳಿಗಿ ಮುಗಿದ ಮ್ಯಾಲ ಸಾವಕಾಶ ಹೋಗ್ತೈತಿ. ನಡುವ ಬಿಟ್ರ ಜ್ವರ ತಿರುಗಿ ಬರ್ತೈತಿ ನೋಡು.” ಡಾಕ್ಟರು ಮಂಜವ್ವನ ಕಡೆ ತಿರುಗಿ, “ಇದನ್ನ ನಾ ಅವತ್ತ ಹೇಳಬೇಕಿತ್ತು. ಹೇಳಲಿಲ್ಲ,” ಎಂದರು.

ಆಗ ಮಂಜವ್ವನಿಗೂ ಬಾಯಿ ಬಂತು. “ಗುಳಿಗಿ ತಗೊಂಡ ಕೂಡಲೇ ಹೊಟ್ಟಿ ತೊಳಸ್ತೈತಿ ಅಂತಾಳ್ರಿ. ಏನ ಮಾಡೂದ್ರಿ?”

“ಹಸಿದ ಹೊಟ್ಟಿಗೆ ಕೊಡಬ್ಯಾಡ. ಉಂಡ ಮ್ಯಾಲ ತುಂಬ ನೀರು ಕುಡಿಸಿ ಕೊಡು. ಕಣ್ಣು ಹಳದಿ ಆದ್ರ ಮಾತ್ರ ಆ ದಿನಾನ ಕರಕೊಂಡ ಬಾ.”

ಚಕ್ಕಡಿ ಊರ ದಾರಿ ಹಿಡಿದಾಗ ಮಂಜವ್ವ, “ನಾನ ಕೇಳಬೇಕಿತ್ತು,” ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಆಯಿ ಕಟ್ಟೆಯ ಮೇಲೆಯೇ ಕುಳಿತು ದಾರಿ ಕಾಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ಎಲ್ಲಿ, ನಾನೂ ನೋಡ್ತೇನಿ,” ಎಂದು ಶಾರವ್ವನ ಗದ್ದ ಹಿಡಿದೆತ್ತಿದಳು. ಒಂದು ಕಣ್ಣು ನೋಡಿ, ಇನ್ನೊಂದು ನೋಡಿ, ಮತ್ತೆ ಮೊದಲನೆಯದನ್ನು ನೋಡಿದಳು.

“ಬೆಳ್ಳಗ ಅದಾವ,” ಎಂದಳು. ಆಮೇಲೆ ತನ್ನ ಕುಪ್ಪಸದ ತೋಳು ಮೇಲೆ ಸರಿಸಿದಳು. ಅಲ್ಲಿ ಒಂದು ಹಳೆಯ ಕಲೆ, ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು.

“ನನಗ ಹಾಕಿದ ಬರಿ. ನಿನಗಿಂತ ಸಣ್ಣಾಕಿ ಇದ್ನಿ. ನಾಕು ಮಂದಿ ಹಿಡಕೊಂಡಿದ್ರು.”

“ನೀ ಯಾರನ್ನೂ ಕೇಳಲಿಲ್ಲೇನ ಆಯಿ?”

“ಯಾರನ್ನ ಕೇಳೂದು? ಆಗ ಇಂಥ ಡಾಕ್ಟರು ಎಲ್ಲಿದ್ರು? ನನ್ನ ತಮ್ಮಗೂ ಕಾಮಣಿ ಆಗಿತ್ತು, ಅವಗ ಬರಿ ಹಾಕಿಸಿರಲಿಲ್ಲ. ಅಂವ ಉಳೀಲಿಲ್ಲ.”

ಶಾರವ್ವ ಆಯಿಯ ಮುಖ ನೋಡಿದಳು. ನಿನ್ನೆಯಿಂದ ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ತಾನೇ ಎಂದುಕೊಂಡಿದ್ದಳು ಅವಳು. ಈಗ ಆಯಿಗೆ ಒತ್ತಿ ಕುಳಿತಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು.

“ನಡಿ ಆಯಿ, ಉಣ್ಣೂಣು,” ಎಂದಳು ಶಾರವ್ವ. “ಉಂಡ ಮ್ಯಾಲ ಗುಳಿಗಿ ನೀನ ಕೊಡು.”